ಗೆಳೆಯನಿಗೊಂದು ಪತ್ರ: ರಾತ್ರಿ ಚರ್ಚೆ ಯಾಕೆ ಬಿಟ್ಟೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು, "ಈಗ ಟಿವಿಯ ರಾತ್ರಿ ಚರ್ಚೆ ನೋಡೋದಿಲ್ವಾ ಮಾರಾಯ?" ಅಂತ ಕೇಳಿದೆ. ನಾನು ಅಡಿಕೆ ರೇಟಿನ ಮಾತು ತೆಗೆದು ತಪ್ಪಿಸಿಕೊಂಡೆ. ಉತ್ತರ ಇಲ್ಲಿ ಬರೆಯುತ್ತೇನೆ. ನಾಲ್ಕು ಜನ ಓದಿದರೂ ಓದಲಿ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. 8 ಗಂಟೆಗೆ ಮಲಯಾಳ ಚಾನೆಲಿನ ಅಂತಿಚರ್ಚೆ, ಅಂದರೆ ಸಂಜೆಯ ಚರ್ಚೆ, ಆಮೇಲೆ ಗಂಜಿ ಊಟ, 9ಕ್ಕೆ ಕನ್ನಡದ್ದು. ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಕೇಳುವುದು ಕಾಸರಗೋಡಿನವರ ಭಾಗ್ಯ ಅಂತಲೇ ನಾನು ನಂಬಿದ್ದೆ.

ಕಳೆದ ತಿಂಗಳು ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿ ಬಾಣ ತಿಂದು ಬಿದ್ದಿದ್ದಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಿದ್ದಾನೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿದ್ದರು. ವಾಲಿಯ ಅರ್ಥ ಹೇಳುವವರು ಹತ್ತಿರ ಹತ್ತಿರ 20 ನಿಮಿಷ ಮಾತಾಡಿದರು. ಅಷ್ಟು ಹೊತ್ತೂ ರಾಮನ ಅರ್ಥ ಹೇಳುವವರು ತುಟಿ ಬಿಚ್ಚಲಿಲ್ಲ. ಕೇಳುತ್ತಾ ಕೂತರು. ಭಾಗವತರ ಪದ್ಯ ಮುಗಿದ ಮೇಲೆ, ವಾಲಿಯ ಕೊನೆಯ ಪ್ರಶ್ನೆಯನ್ನೇ ಎತ್ತಿಕೊಂಡು ಅಲ್ಲಿಂದ ಶುರು ಮಾಡಿದರು.

ನನಗೆ ಕೂರಲು ಆಗಲಿಲ್ಲ ಕಣೋ. ವಾಲಿ ಎರಡು ವಾಕ್ಯ ಹೇಳುವಷ್ಟರಲ್ಲಿ ನನ್ನ ತಲೆಯೊಳಗೆ ಉತ್ತರ ಎದ್ದು ನಿಲ್ಲುತ್ತಿತ್ತು. ಮೂರನೆಯ ವಾಕ್ಯ ಕಿವಿಗೆ ಬೀಳುತ್ತಲೇ ಇರಲಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಬೆಳಗಿನವರೆಗೆ ಚಾಪೆಯ ಮೇಲೆ ಕೂತು ಕೇಳಿದ್ದೇವೆ, ಅಲ್ವಾ? ಆ ಕಿವಿ ಎಲ್ಲಿ ಹೋಯಿತು? ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಆಗ 2017ರ ಆ ರಾತ್ರಿ ನೆನಪಾಯಿತು.

ಕೇರಳದ ಶಾಲೆಗಳಲ್ಲಿ 10ನೇ ತರಗತಿಯವರೆಗೆ ಮಲಯಾಳ ಕಡ್ಡಾಯ ಅಂತ ಕಾನೂನು ಬಂದ ವರ್ಷ ಅದು. ಒಂದು ಕನ್ನಡ ಚಾನೆಲಿನಿಂದ ಫೋನ್ ಬಂತು. ಗಡಿನಾಡಿನ ಕನ್ನಡ ಮಾಷ್ಟ್ರು ಒಬ್ಬರು ಬೇಕಂತೆ, ಫೋನಿನಲ್ಲೇ ಮಾತಾಡಿದರೆ ಸಾಕಂತೆ. ನಾನು ಸಂಜೆಯೆಲ್ಲ ಕೂತು ಒಂದು ಹಾಳೆ ಬರೆದೆ. ನಮ್ಮ ಮಕ್ಕಳು ಮಲಯಾಳವನ್ನು ಬಸ್ಸಿನಲ್ಲಿ, ಅಂಗಡಿಯಲ್ಲಿ ತಾವೇ ಕಲಿಯುತ್ತಾರೆ. ನಮಗೆ ಭಾಷೆಯ ಮೇಲೆ ದ್ವೇಷ ಇಲ್ಲ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಗಣಿತ ಮಾಷ್ಟ್ರು ಬಂದರೆ ಭಿನ್ನರಾಶಿ ಅರ್ಥವಾಗುವುದು ಹೇಗೆ? ಇದನ್ನೇ ಬರೆದುಕೊಂಡಿದ್ದೆ.

40 ನಿಮಿಷ ಲೈನಿನಲ್ಲಿ ಕಾಯಿಸಿದರು. ಆ ಕಡೆ ಕಿರುಚಾಟ. ನನ್ನ ಸರದಿ ಬಂದಾಗ ನಿರೂಪಕರು, "ನಿಮ್ಮ ಮೇಲೆ ದಬ್ಬಾಳಿಕೆ ಆಗ್ತಿದೆಯೋ ಇಲ್ವೋ, ಒಂದೇ ಮಾತಿನಲ್ಲಿ ಹೇಳಿ" ಅಂದರು. ಹಾಳೆ ಕೈಯಲ್ಲೇ ಇತ್ತು. ನಾನು ಕಿರುಚಿದೆ. "ಈ ಮಲಯಾಳಿಗಳ ನಡುವೆ ನಾವು ಬದುಕೋದೇ ಕಷ್ಟ ಆಗಿದೆ!" ಅಂದೆ. ಫೋನ್ ಕಟ್ ಆಯಿತು. ನೀನು ಬೆಂಗಳೂರಿನಿಂದ "ಸೂಪರ್!" ಅಂತ ಮೆಸೇಜ್ ಹಾಕಿದೆ.

ಪಕ್ಕದ ಮನೆಯ ಮಲಯಾಳಿ ಅಕ್ಕ, ನಾವು ಚೇಚಿ ಅನ್ನುವವರನ್ನು ನೀನು ಬಲ್ಲೆ. ಅವರ ಮಗಳು ನನ್ನ ಹತ್ತಿರವೇ ಕನ್ನಡ ಓದಿದವಳು. ಮರುದಿನ ಬೆಳಿಗ್ಗೆ ಚೇಚಿ ಎಂದಿನ ಹಾಗೆ ಬೇಲಿಯ ಹತ್ತಿರ ಬಂದು ಹಲಸಿನ ತೊಳೆ ಕೊಟ್ಟರು. "ಇನ್ನಲೆ ಟಿವಿಯಿಲ್ ಕೇಟ್ಟು, ಮಾಷೇ" ಅಂದರು. ನಿನ್ನೆ ಟಿವಿಯಲ್ಲಿ ಕೇಳಿದೆ, ಅಷ್ಟೇ. ಒಳಗೆ ಹೋದರು.

ಇದನ್ನು ನಾನು ಯಾರಿಗೂ ಹೇಳಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅಮ್ಮನ ಮಾತ್ರೆ ಮುಗಿದಿತ್ತು. ನಮಗೆ ಆಸ್ಪತ್ರೆ ಅಂದರೆ ಮಂಗಳೂರೇ ತಾನೇ? ದಾರಿ ಬಿಡಿಸಿ ಅಂತ ಕೇರಳ ಹೈಕೋರ್ಟು ಕೇಂದ್ರಕ್ಕೆ ಹೇಳಿದ್ದು ಏಪ್ರಿಲ್ 1ಕ್ಕೆ. ಅಷ್ಟರೊಳಗೆ ಚೇಚಿಯ ಗಂಡ ಪೊಲೀಸರ ಅನುಮತಿ ಪಡೆದು, ಬೈಕಿನಲ್ಲಿ ಹೋಗಿ, ಎಲ್ಲಿಂದಲೋ ಆ ಮಾತ್ರೆ ಹುಡುಕಿ ತಂದುಕೊಟ್ಟಿದ್ದರು. ಆ ರಾತ್ರಿಯೂ ಎರಡೂ ಚರ್ಚೆ ನೋಡಿದೆ. ಒಂದರಲ್ಲಿ ನಾವು ರೋಗ ತರುವವರು. ಇನ್ನೊಂದರಲ್ಲಿ ನಾವು ಕರ್ನಾಟಕವನ್ನು ಬೈಯಲು ಒಂದು ನೆಪ. ಎಂಟೆಂಟು ಮುಖಗಳಿದ್ದವು, ನಮ್ಮ ಊರಿನದು ಒಂದೂ ಇರಲಿಲ್ಲ. ನನಗೆ ಸಿಟ್ಟು ಬಂತು. ಆದರೆ 2017ರಲ್ಲಿ ಊರಿನವನೇ ಆದ ನನಗೆ ಜಾಗ ಸಿಕ್ಕಿತ್ತಲ್ಲ? ಆಗ ನಾನು ಹೇಳಿದ್ದು ನನ್ನ ಮಾತಾಗಿರಲಿಲ್ಲ. ಅವರಿಗೆ ಬೇಕಾದ ಮಾತು ನನ್ನ ಬಾಯಿಯಿಂದ ಬಂತು. ಭಿನ್ನರಾಶಿಯ ಆ ಮಗು ಅಲ್ಲೇ ಉಳಿಯಿತು.

ಮಾತ್ರೆಯ ದುಡ್ಡು ಕೊಟ್ಟೆ. ಕ್ಷಮಿಸಿ ಅಂತ ಮಾತ್ರ ಇವತ್ತಿನವರೆಗೂ ಹೇಳಿಲ್ಲ. ಎರಡು ಸಲ ಬೇಲಿಯವರೆಗೆ ಹೋಗಿ ಬಂದಿದ್ದೇನೆ.

ಸಾಕು, ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಈಗ 8 ಗಂಟೆಗೆ ಅಮ್ಮ ಧಾರಾವಾಹಿ ಹಾಕುತ್ತಾರೆ, ಮನೆ ತಣ್ಣಗಿದೆ. ಊರಿಗೆ ಯಾವಾಗ ಬರುತ್ತೀ?  ನೀನು ಬಿಟ್ಟುಹೋದ ಕೊಡೆ ನಮ್ಮ ಅಟ್ಟದಲ್ಲಿ ಜೋಪಾನವಾಗಿದೆ. ಚೇಚಿ ನಿನ್ನೆ ಕೂಡ ನಿನ್ನನ್ನು ಕೇಳಿದರು, "ಆ ಕೊಡೆಯ ಮಾಷ್ ಯಾವಾಗ ಬರ್ತಾರೆ?" ಅಂತ.