ಸಿಂಚನಳ ದವಡೆಗೆ ಅವಸರ ಬೇಡ

ಬರ್ಮಿಂಗ್‌ಹ್ಯಾಮ್

ಅಕ್ಕಾ,

ಎಲ್ಲರೂ ಕ್ಷೇಮ ತಾನೇ? ನಿನ್ನ ಪತ್ರ ಬಂತು. ಉಳಿದ ಸುದ್ದಿ ಆಮೇಲೆ, ಮೊದಲು ಸಿಂಚನಳದ್ದು.

ಕೆಳಗಿನ ಹಲ್ಲು ಮುಂದೆ ಬಂದಿದೆ ಅಂತ ಬರೆದಿದ್ದೀಯ. ಅವಳಂತೆ ಸೀಳು ಅಂಗುಳದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಹಿಂದೆ ಉಳಿಯುವುದು ಮೇಲಿನ ದವಡೆ. ಕೂಸಿದ್ದಾಗ ಅಂಗುಳ ಹೊಲಿದರಲ್ಲ, ಆ ಗಾಯದ ಕಲೆ ಹಿಗ್ಗುವುದಿಲ್ಲ. ದವಡೆ ಬೆಳೆಯಲು ಹೊರಟರೆ ಹಿಡಿದೆಳೆಯುತ್ತದೆ. ಆಗಿನ ಡಾಕ್ಟರು ಕೆಡಿಸಿದರು ಅಂತ ಭಾವ ಹೇಳುವುದು ಸರಿಯಲ್ಲ, ಇದು ಹೊಲಿಗೆಯ ಕಲೆಯಿಂದ ಆಗುವಂಥದ್ದು, ಡಾಕ್ಟರ ತಪ್ಪಲ್ಲ. ಶ್ರೀಲಂಕಾದಲ್ಲಿ ಆಪರೇಶನ್ನೇ ಆಗದೆ ದೊಡ್ಡವರಾದವರನ್ನು ಇಲ್ಲಿ ಇಂಗ್ಲೆಂಡಿನ ಡಾಕ್ಟರು ಅಳೆದು ನೋಡಿ 1990ರಲ್ಲಿ ಬರೆದಿದ್ದಾರೆ: ಮೇಲಿನ ದವಡೆ ಹೆಚ್ಚುಕಡಿಮೆ ಎಲ್ಲರಂತೆಯೇ ಬೆಳೆದಿತ್ತಂತೆ. ಹಾಗಂತ ಹೊಲಿಸದೆ ಬಿಡಬೇಕಿತ್ತಾ? ಅಂಗುಳ ತೆರೆದೇ ಇದ್ದರೆ ಮಾತೆಲ್ಲ ಮೂಗಿನಿಂದ. ಫೋನಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಾಳಲ್ಲ, ಅದು ಆ ಹೊಲಿಗೆಯ ಪುಣ್ಯ.

ಈಗಲೇ ದವಡೆ ಸರಿಮಾಡಿಸಿ, ನಾಳೆ ಗಂಡು ಹುಡುಕಬೇಕಲ್ಲ ಅಂದರಂತೆ ನಿಮ್ಮತ್ತೆ. 13 ವರ್ಷದ ಹುಡುಗಿಗೆ ಗಂಡಿನ ಮಾತೇಕೆ! ಈಗ ಮೇಲಿನ ದವಡೆ ಕೊಯ್ದು ಮುಂದಕ್ಕೆ ಕೂರಿಸಿದರೂ ಕೆಳಗಿನದು ಬೆಳೆಯುತ್ತಲೇ ಇರುತ್ತದೆ. ಮತ್ತೆ ಅದೇ ಪಾಡು, ಇನ್ನೊಂದು ಆಪರೇಶನ್, ಇನ್ನೊಂದು ಸಾಲ. ಹುಡುಗಿಯರಿಗೆ ಸುಮಾರು 16-17ಕ್ಕೆ ಬೆಳವಣಿಗೆ ನಿಲ್ಲುತ್ತದೆ. ತಲೆಯ ಪಕ್ಕದಿಂದ ಎಕ್ಸ್‌ರೇ ತೆಗೆದು ಹಿಂದಿನದರ ಜೊತೆ ಹೋಲಿಸುತ್ತಾರೆ. ಬದಲಾವಣೆ ಕಾಣದಿದ್ದರೆ ಆಗ ಮುಂದಿನ ಮಾತು. ಎಲ್ಲರಿಗೂ ಆಪರೇಶನ್ ಬೇಕಾಗುವುದೂ ಇಲ್ಲ, ಕೆಲವರಿಗೆ ಹಲ್ಲಿಗೆ ಹಾಕುವ ತಂತಿಯೇ ಸಾಕು. ಹಿಂದೆ ಅವಳ ಸೊಂಟದ ಮೂಳೆಯ ಚೂರು ತೆಗೆದು ವಸಡಿನ ಸೀಳಿಗೆ ತುಂಬಿಸಿದ್ದು ಸಾರ್ಥಕವಾಯಿತು, ಕೋರೆಹಲ್ಲು ಅಲ್ಲಿಂದಲೇ ಇಳಿದಿದೆ ಅಂದೆಯಲ್ಲ.

ನಾನು ಹಲ್ಲಿನ ಅಚ್ಚು ಮಾಡುವವನು, ಡಾಕ್ಟರಲ್ಲ, ಗೊತ್ತು. ಆದರೆ ಇಂಥ ಮಕ್ಕಳ ಅಚ್ಚು ನನ್ನ ಕೈಯಲ್ಲೇ ಹೋಗುತ್ತವೆ. ಇಲ್ಲಿಯವರಿಗೆ ಲೆಕ್ಕದ ಹುಚ್ಚು: 5, 10, 15 ವರ್ಷಕ್ಕೆ ಅಚ್ಚು, ಫೋಟೊ, ಮಾತಿನ ರೆಕಾರ್ಡು! ಸರ್ಜನ್, ಹಲ್ಲಿನವರು, ಮಾತು ಕಲಿಸುವವರು ಎಲ್ಲ ಒಂದೇ ಕೋಣೆಯಲ್ಲಿ ಕೂತು, ಅಪ್ಪನನ್ನು ಬಿಟ್ಟು ಹುಡುಗಿಯನ್ನೇ ‘ನಿನಗೇನು ಬೇಕಮ್ಮ’ ಅಂತ ಕೇಳುತ್ತಾರೆ. ಭಾವನಿಗೆ ಹೇಳು, ನಗಲಿ.

ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ, ಅಲ್ಲಿ ತೋರಿಸು. ಹಳೆಯ ಎಕ್ಸ್‌ರೇ ಎಲ್ಲ ಒಯ್ಯಿ. ದುಡ್ಡಿನ ಚಿಂತೆ ಬೇಡ, ನಾನಿದ್ದೇನೆ. ಏನೂ ಆಗಿಲ್ಲ, ಏನೂ ಆಗುವುದಿಲ್ಲ, ನಿಜವಾಗಿ. ಗ್ರಹಣದ ಮಾತು ಯಾರಾದರೂ ತೆಗೆದರೆ ಎದ್ದು ಒಳಗೆ ಹೋಗು. ಅಮ್ಮನಿಗೆ ಬಿಪಿ ಮಾತ್ರೆ ನೆನಪಿಸು. ಬಸ್ಸಿಗೆ ಹೊತ್ತಾಯಿತು.

ನಿನ್ನ ತಮ್ಮ,
ರವಿ