ಕೆಂಪು ದೀಪ ಮಿಣುಕ್ತಿದ್ರೂ ರೀಸ್ಟಾರ್ಟ್ ಮಾಡಿ ಅಂತಾರೆ

ಸಂಪಾದಕರಿಗೆ ನಮಸ್ಕಾರ,

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ, ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ತೋಟದ ಮೇಲಿನ ದರೆ ಹತ್ತಬೇಕು, ಹಂಗಾಗಿ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದೀವಿ. ಮಗಳು ಬೆಂಗಳೂರಿನ ಕಂಪನಿ ಕೆಲಸ ಇಲ್ಲಿಂದ್ಲೇ ಮಾಡೋದು ಅದನ್ನೇ ನಂಬ್ಕೊಂಡು. ಈ ಸಲ ಮಳೆ ಹಿಡಿದಾಗಿಂದ ದಿನಕ್ಕೆ ಹತ್ತು ಹದಿನೈದು ಸಲ ಕಟ್ ಆಗೋದು, ಎರಡು ನಿಮಿಷಕ್ಕೆ ಬರೋದು, ಮತ್ತೆ ಹೋಗೋದು. ಪೂರ್ತಿ ಹೋದ್ರೆ ಯಾರಾದ್ರೂ ಬರ್ತಾರೆ, ಹಿಂಗೆ ಬಂದು ಹೋಗಿ ಮಾಡಿದ್ರೆ ಕಸ್ಟಮರ್ ಕೇರ್‌ನೋರು "ಈಗ ಬರ್ತಾ ಇದೆಯಲ್ಲ ಸಾರ್" ಅಂದು ಕಂಪ್ಲೇಂಟ್ ಕ್ಲೋಸ್ ಮಾಡೇ ಬಿಡ್ತಾರೆ. ಆರು ಸಲ ಫೋನ್ ಮಾಡಿದೀನಿ, ಆರು ಸಲಾನೂ ಒಂದೇ ಮಾತು, ರೂಟರ್ ಆಫ್ ಮಾಡಿ ಆನ್ ಮಾಡಿ.

ಕೊನೆಗೆ ನಾವೇ ಹುಡುಕೋಕೆ ಕೂತ್ವಿ. ಮೊದಲು ವೈಫೈ ಮೇಲೆ ಅನುಮಾನ ಬಂತು, ಮಣ್ಣಿನ ಗೋಡೆ ದಪ್ಪ ಇದೆ ನಮ್ಮನೇದು, ಅದಕ್ಕೆ ಲ್ಯಾನ್ ವೈರ್ ಹಾಕಿ ಲ್ಯಾಪ್‌ಟಾಪ್‌ಗೆ ನೇರ ಕೊಟ್ವಿ, ಆಗ್ಲೂ ಕಟ್. ಆಮೇಲೆ ಮಗಳು ಎರಡು ಪಿಂಗ್, ಅಂದ್ರೆ ಕಳಿಸಿ ಉತ್ತರ ಬರುತ್ತಾ ಅಂತ ನೋಡೋ ಸಣ್ಣ ಸಂದೇಶ, ಒಟ್ಟಿಗೆ ಬಿಟ್ಲು, ಒಂದು ನಮ್ಮ ರೂಟರ್‌ಗೇ, 192.168.1.1, ಇನ್ನೊಂದು ಹೊರಗಿನ ಗೂಗಲ್ ಸರ್ವರ್ 8.8.8.8ಗೆ. ಕಟ್ ಆದಾಗ ರೂಟರ್ ಉತ್ತರ ಕೊಡ್ತಾನೇ ಇತ್ತು, ಹೊರಗಿನದು ಮಾತ್ರ ನಿಂತೋಯ್ತು. ಅಂದ್ರೆ ಮನೆ ಒಳಗಿನ ತೊಂದರೆ ಅಲ್ಲ ಅಂತ ಆಯ್ತು.

ಇನ್ನು ಫೈಬರ್ ಬಂದು ಸೇರೋ ಬಾಕ್ಸ್ ಮೇಲಿನ ದೀಪ. ಪಾನ್ (PON) ಅಂತ ಬರೆದಿರೋದು ಹಸಿರಾಗಿ ನಿಂತಿರಬೇಕು, ಎಲ್‌ಓಎಸ್ (LOS) ಅಂತ ಬರೆದಿರೋದು ಆರಿರಬೇಕು. ಎಲ್‌ಓಎಸ್ ಕೆಂಪಗೆ ಮಿಣುಕಿದ್ರೆ ಫೈಬರ್‌ನಲ್ಲಿ ಬೆಳಕು ಬರ್ತಿಲ್ಲ, ಇಲ್ಲಾ ಸಾಲ್ತಿಲ್ಲ ಅಂತ ಅರ್ಥ. ಹತ್ತು ದಿನ ಅಡಿಗೆಮನೆ ಕ್ಯಾಲೆಂಡರ್ ಮೇಲೆ ಕಟ್ ಆದ ಟೈಮು, ದೀಪದ ಬಣ್ಣ, ಗಾಳಿ ಇತ್ತಾ ಇಲ್ವಾ, ಎಲ್ಲ ಬರೆದಿಟ್ಟೆ. ಗಾಳಿ ಎದ್ದಾಗೆಲ್ಲ ಕೆಂಪು. ಇದನ್ನ ಫೋನ್‌ನಲ್ಲಿ ಹೇಳಿದ್ರೆ ಆ ಕಡೆಯಿಂದ ಮತ್ತೆ ಅದೇ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸಾರ್. ಬಾಕ್ಸ್ ಆಫ್ ಆನ್ ಮಾಡಿದ್ರೆ ಮರದ ಮೇಲಿನ ವೈರ್ ಸರಿ ಹೋಗುತ್ತಾ?

ಕೊನೆಗೂ ಲೈನ್ ಹುಡುಗ ಫೈಬರ್‌ನ ಬೆಳಕು ಅಳೆಯೋ ಪವರ್ ಮೀಟರ್ ಹಿಡ್ಕೊಂಡು ಬಂದ. ಬೆಳಕಿನ ಲೆಕ್ಕ ಡಿಬಿಎಂ ಅನ್ನೋ ಅಳತೇಲಿ, ಮೈನಸ್‌ನಲ್ಲಿ ಬರುತ್ತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ, ಮೈನಸ್ 27 ಡಿಬಿಎಂ ದಾಟಿದ್ರೆ ಸಾಮಾನ್ಯವಾಗಿ ಬಾಕ್ಸ್‌ಗೆ ಸಾಲೋದಿಲ್ಲ. ನಮ್ಮದು ಒಮ್ಮೆ 26, ಒಮ್ಮೆ 29 ಅಂತ ಕುಣೀತಿತ್ತು. ವೈರ್ ಹಿಡ್ಕೊಂಡೇ ತೋಟದೊಳಗೆ ಹೋದ್ವಿ. ಹಲಸಿನ ಮರಕ್ಕೆ ಒಂದು ಜಾಯಿಂಟ್ ಕಟ್ಟಿದ್ರು, ಬರೀ ಕಪ್ಪು ಟೇಪ್ ಸುತ್ತಿದ್ದು. ಟೇಪ್ ಬಿಚ್ಚಿದ್ರೆ ಒಳಗಿಂದ ನೀರು ತೊಟ್ಟಿಕ್ತು. ಅದರ ಪಕ್ಕದಲ್ಲೇ ಕೇಬಲ್‌ನ ಹೆಬ್ಬೆರಳಿನಷ್ಟು ಸಣ್ಣಕೆ ಸುತ್ತಿ ಕಬ್ಬಿಣದ ತಂತಿಯಲ್ಲಿ ಬಿಗಿದಿದ್ರು, ಫೈಬರ್ ಹಂಗೆ ಬಗ್ಗಿದ್ರೆ ಬೆಳಕು ಅಲ್ಲೇ ಸೋರಿಹೋಗುತ್ತೆ, ಮರ ಅಲ್ಲಾಡಿದಾಗೆಲ್ಲ ಇನ್ನೂ ಬಿಗೀತಿತ್ತು. ಅವನು ಆ ತುಂಡು ಕತ್ತರಿಸಿ, ಮಿಷನ್‌ನಲ್ಲಿ ಫೈಬರ್ ತುದಿಗಳನ್ನ ಹೊಸದಾಗಿ ಬೆಸೆದು (ಸ್ಪ್ಲೈಸ್ ಮಾಡಿ), ಮುಚ್ಚಳದ ಡಬ್ಬಿಯೊಳಗೆ ಇಟ್ಟು, ಉಳಿದ ಕೇಬಲ್‌ನ ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿಬಿಟ್ಟ. ಮೀಟರ್ ಮೈನಸ್ 21ಕ್ಕೆ ಬಂದು ನಿಂತ್ಕೊಂಡ್ತು. ಅರ್ಧ ಗಂಟೆ ಕೆಲಸ ಅಷ್ಟೇ. ಆಮೇಲೆ ಮೂರು ವಾರ ಆಯ್ತು, ಒಂದು ಸಲಾನೂ ಕಟ್ ಆಗಿಲ್ಲ.

ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಸುತ್ತಲಿನ ಅಷ್ಟೂ ಹಳ್ಳಿಗೆ ಅವನೊಬ್ಬನೇ, ಜಡಿಮಳೇಲಿ ಬೈಕ್ ಹಾಕ್ಕೊಂಡು ಬಂದಿದ್ದ. ನನ್ನ ತಕರಾರು ಫೋನ್ ಆ ಕಡೆ ಕೂತಿರೋ ವ್ಯವಸ್ಥೆ ಮೇಲೆ. ನಮ್ಮ ಬಾಕ್ಸ್‌ಗೆ ಎಷ್ಟು ಬೆಳಕು ತಲುಪ್ತಿದೆ ಅನ್ನೋದು ಕಂಪನಿಯೋರ ಮಿಷನ್‌ನಲ್ಲೇ ಕಾಣುತ್ತಂತೆ, ಹುಡುಗನೇ ಆಫೀಸಿಗೆ ಫೋನ್ ಹಚ್ಚಿ ಆ ಕಡೆಯ ಅಂಕಿ ಕೇಳಿ ತಾಳೆ ನೋಡಿದ. ಹಂಗಿದ್ಮೇಲೆ ಮೊದಲನೇ ಫೋನಿಗೇ ಅದನ್ನ ನೋಡಿ ಹೇಳೋಕೆ ಏನು ಕಷ್ಟ? ಕೆಂಪು ದೀಪ ಅಂತ ಹೇಳಿದೋರಿಗೆ ನೇರವಾಗಿ ಲೈನ್‌ನೋರನ್ನ ಕಳಿಸಿ. ಬಂದು ಹೋಗೋ ಕನೆಕ್ಷನ್ ಕಂಪ್ಲೇಂಟನ್ನ ಮೀಟರ್ ಹಚ್ಚದೆ ಕ್ಲೋಸ್ ಮಾಡಬೇಡಿ.

ಓದುಗರೂ ಸುಮ್ಮನೆ ಬಿಡಬೇಡಿ. ದೂರಿಗೆ ಡಾಕೆಟ್ ನಂಬರ್ (ದೂರು ದಾಖಲಾದ ನಂಬರ್) ಇಸ್ಕೊಳ್ಳಿ, ಸಮಾಧಾನ ಆಗ್ಲಿಲ್ಲ ಅಂದ್ರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗೋ ದಾರಿಯನ್ನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರ ನಿಯಮದಲ್ಲೇ ಇಟ್ಟಿದೆ. ನಾನು ಗೊತ್ತಿಲ್ದೆ ಒಂದು ನಂಬರೂ ಬರ್ಕೊಂಡಿರಲಿಲ್ಲ.

ನಮ್ಮ ಕೆಳಗಿನ ಮನೆಯೋರ ಬಾಕ್ಸ್‌ನಲ್ಲಿ ಕೆಂಪು ದೀಪ ಹತ್ತಿ ಇವತ್ತಿಗೆ ಐದು ದಿನ, ಇನ್ನೂ ಯಾರೂ ಬಂದಿಲ್ಲ.

ಇತಿ,
ನಿಮ್ಮ ಓದುಗ, ಹೊಸನಗರ ತಾಲ್ಲೂಕು