ಮಂಡಕ್ಕಿ ಮೆತ್ತಗಾದ ಮೇಲೆ

ಶಾರ್ಜಾ
17 ನವೆಂಬರ್ 2024, ಭಾನುವಾರ

ಪ್ರೀತಿಯ ಅಕ್ಕನಿಗೆ,

ದೀಪಾವಳಿ ದಿನ ಫೋನಿನಲ್ಲಿ ನೀನು ಎರಡು ಸಲ ಕೇಳಿದೆ, "ಯಾಪಾರ ಹೆಂಗೈತೋ?" ಅಂತ. ಎರಡು ಸಲವೂ "ನಡೀತೈತಿ" ಅಂದೆ. ಅದು ಸುಳ್ಳು ಅಕ್ಕ. ಮಂಡಕ್ಕಿ ವ್ಯಾಪಾರ ನಿಲ್ಲಿಸಿ ಐದು ತಿಂಗಳಾಯಿತು. ನಿನ್ನ ಫೋನ್ ಸ್ಪೀಕರಿನಲ್ಲಿತ್ತು, ಪಕ್ಕದಲ್ಲೇ ಅವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ. ನಮ್ಮ ರೂಮಿನ ಹರಿಹರದ ಹುಡುಗ ಬುಧವಾರ ಊರಿಗೆ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ಮೊದಲು ನೀನೊಬ್ಬಳೇ ಓದು. ಆಮೇಲೆ ಅವ್ವನಿಗೆ ಓದಿ ಹೇಳು, ಏನೂ ಬಿಡದೆ.

ತಿಂಗಳು ತಿಂಗಳು ಕಳಿಸುತ್ತಿರುವ ಹದಿನೈದು ಸಾವಿರ ವ್ಯಾಪಾರದ್ದಲ್ಲ, ಸಂಬಳದ್ದು. ದುಬೈನಲ್ಲಿ ಒಂದು ಗೋದಾಮಿನಲ್ಲಿ ಮಾಲು ಎಣಿಸಿ ಬರೆದುಕೊಳ್ಳುವ ಕೆಲಸ ಸಿಕ್ಕಿದೆ. ಬೆಳಿಗ್ಗೆ ಐದೂವರೆಗೆ ಗಾಡಿ ಹತ್ತಬೇಕು, ಇಲ್ಲದಿದ್ದರೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಅವ್ವ ಮೊದಲು ಅದನ್ನೇ ಕೇಳುತ್ತಾಳೆ, ಅಲ್ವಾ?

ಮೊದಲ ಎರಡು ತಿಂಗಳು ನನ್ನ ಹಣೆಬರಹವೇ ಇಷ್ಟು ಅಂದುಕೊಂಡಿದ್ದೆ. ಲೆಕ್ಕದ ಪುಸ್ತಕ ಟ್ರಂಕಿನ ತಳಕ್ಕೆ ಹಾಕಿ, ಮೇಲೆ ಬಟ್ಟೆ ಒತ್ತಿಟ್ಟಿದ್ದೆ. ಆಗಸ್ಟಿನ ಒಂದು ರಾತ್ರಿ ಅದನ್ನು ತೆಗೆದು ಬಿಲ್ಲುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಸಾಗಣೆ ಬಿಲ್ಲೇ ಎಲ್ಲವನ್ನೂ ಹೇಳಿತು. ವಿಮಾನದ ಸರಕಿಗೆ ತೂಕ ನೋಡಿ ದುಡ್ಡು ತಗೋತಾರೆ ಅಂತ ತಿಳಿದಿದ್ದೆ. ಅಷ್ಟೇ ಅಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 6000ದಿಂದ ಭಾಗಿಸುತ್ತಾರೆ. ಆ ಲೆಕ್ಕ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ನಮ್ಮ ಪೆಟ್ಟಿಗೆ 60, 40, 40 ಇತ್ತು. ಲೆಕ್ಕಕ್ಕೆ 16 ಕಿಲೊ. ಒಳಗಿದ್ದ ಮಂಡಕ್ಕಿ 7 ಕಿಲೊ. ಒಂದೊಂದು ಪೆಟ್ಟಿಗೆಗೂ ಒಂಬತ್ತು ಕಿಲೊ ಗಾಳಿಗೆ ಬಾಡಿಗೆ ಕಟ್ಟಿದ್ದೇನೆ ಅಕ್ಕ. ನಲವತ್ತು ಪೆಟ್ಟಿಗೆ.

ಮುಂದಿನ ಲೋಡನ್ನು ಮುಂಬಯಿಯಿಂದ ಹಡಗಿಗೆ ಹಾಕಿದೆ. ಬಾಡಿಗೆ ಇಳಿಯಿತು, ಆದರೆ ಇಲ್ಲಿ ಪೊಟ್ಟಣದ ತಿಂಡಿಯ ಮೇಲೆ ವಿವರ ಅರಬ್ಬಿಯಲ್ಲೂ ಇರಬೇಕು. ಸ್ಟಿಕ್ಕರ್ ಮಾಡಿಸಿ ಅಂಟಿಸುವವರೆಗೆ ಮಾಲು ಗೋದಾಮಿನಲ್ಲೇ ಉಳಿಯಿತು. ನಮ್ಮ ಕವರ್ ತೆಳು. ಕಡಲ ಪಕ್ಕದ ಹವೆ ಹೇಗಿರುತ್ತೆ ಅಂದರೆ, ಬೇಸಿಗೆಯಲ್ಲಿ ಒಣಹಾಕಿದ ಟವೆಲ್ ಕೂಡ ಬೆಳಿಗ್ಗೆ ಹಸಿ ಹಸಿ ಇರುತ್ತೆ.

ಆದರೆ ಪುಸ್ತಕ ನೋಡುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಹದಿನಾಲ್ಕು ಅಂಗಡಿಗೆ ಮಾಲು ಕೊಟ್ಟಿದ್ದೆ. ಆ ಅಂಗಡಿಗಳು ಇರುವ ಬೀದಿಯಲ್ಲೇ ಓಡಾಡುವುದನ್ನು ಬಿಟ್ಟಿದ್ದೆ. ಹಾಲು ತರಲಿಕ್ಕೂ ಸುತ್ತು ಹಾಕಿ ಹೋಗುತ್ತಿದ್ದೆ. ಕನ್ನಡದವರು ಸೇರುವ ಕಡೆಯೂ ಹೋಗಲಿಲ್ಲ, ಯಾರಾದರೂ "ಮಂಡಕ್ಕಿ ಹೇಗೆ ಹೋಗ್ತಿದೆ?" ಅಂತ ಕೇಳಿಬಿಟ್ಟರೆ ಅಂತ. ಕೊನೆಗೆ ಒಂದು ಭಾನುವಾರ ಚೀಲ ಹಿಡಿದು ಹೊರಟೆ, ಉಳಿದ ಮಾಲನ್ನು ನಾನೇ ವಾಪಸ್ ತರಲು. ಮೂರನೇ ಅಂಗಡಿ ಕೇರಳದವರದ್ದು. ಕೆಳಗಿನ ಹಲಗೆಯಲ್ಲಿ, ಫಿನಾಯಿಲ್ ಬಾಟಲಿಗಳ ಪಕ್ಕ, ನಮ್ಮ ಪೊಟ್ಟಣಗಳು ಧೂಳು ಹಿಡಿದು ಬಿದ್ದಿದ್ದವು. ಒಂದನ್ನು ಕೈಲಿ ಹಿಡಿದು ಅಮುಕಿದೆ. ಸದ್ದೇ ಬರಲಿಲ್ಲ. ಹತ್ತಿ ಅಮುಕಿದ ಹಾಗಾಯಿತು. ಒಡೆದರೆ ಕಮಟು ವಾಸನೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಮಂಡಕ್ಕಿ ಎಂದಾದರೂ ಮೆತ್ತಗಾಗಿದ್ದು ಉಂಟಾ?

ಅಂಗಡಿಯವರು ಬೈಯಲಿಲ್ಲ. ಟೀ ತರಿಸಿದರು. ಆಮೇಲೆ ಕೇಳಿದರು, "ಆ ಹಳದಿ ಪೊಟ್ಟಣ ಮತ್ತೆ ಯಾಕೆ ತರಲಿಲ್ಲ?" ಅಂತ. ಹಳದಿದು ನರ್ಗಿಸ್ ಮಂಡಕ್ಕಿ, ನಿನ್ನ ಪುಡಿ ಹಾಕಿದ್ದು. ಅದು ಒಂದೂ ಉಳಿದಿರಲಿಲ್ಲ. ಉಳಿದಿದ್ದೆಲ್ಲ ಬರೀ ಮಂಡಕ್ಕಿ. ಆ ದಿನ ಒಂಬತ್ತು ಅಂಗಡಿಗೆ ಹೋದೆ, ಮುಂದಿನ ಭಾನುವಾರ ಉಳಿದ ಐದಕ್ಕೆ. ಎರಡನೇ ಸಲ ಮಾಲು ಕೇಳಿದ್ದು ಮೂರೇ ಅಂಗಡಿ, ಮೂರೂ ಕೇಳಿದ್ದು ಹಳದಿ ಪೊಟ್ಟಣವನ್ನೇ. ಮಾಲು ಇಳಿಸಿದ ದಿನ "ಸೂಪರ್" ಅಂದವರು ಬೇಕಾದಷ್ಟು ಜನ. ನಾನು ಅವರನ್ನು ಎಣಿಸಿಕೊಂಡು ಕುಣಿದಿದ್ದೆ. ಎಣಿಸಬೇಕಾಗಿದ್ದು ಎರಡನೇ ಸಲ ದುಡ್ಡು ಕೊಟ್ಟವರನ್ನು.

ಮನೆಗೆ ಬರುವಾಗ ಅಪ್ಪ ತುಂಬಾ ನೆನಪಾದ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಮುಗಿದು ಅಪ್ಪನ ಮಿಲ್ ಬಾಗಿಲು ಹಾಕಿದಾಗ ನಿನಗೆ ಹತ್ತು, ನನಗೆ ಆರು. ಮರುದಿನವೂ ಅಪ್ಪ ಫಸ್ಟ್ ಶಿಫ್ಟಿನ ಹೊತ್ತಿಗೇ ಎದ್ದು, ಗಡ್ಡ ಬೋಳಿಸಿ, ಅದೇ ಖಾಕಿ ಅಂಗಿ ಹಾಕಿಕೊಂಡು ಹೊರಟ. ಎಲ್ಲಿಗೆ ಅಂತ ಅವ್ವನಿಗೂ ಗೊತ್ತಿರಲಿಲ್ಲ. ಮಂಡಕ್ಕಿ ಭಟ್ಟಿಗೆ ಹೋಗಿ ಕೂರುತ್ತಿದ್ದನಂತೆ. ಕಾದ ಮರಳಿಗೆ ಅಕ್ಕಿ ಬಿದ್ದು ಪಟಪಟ ಅರಳುವುದನ್ನು, ಜರಡಿ ಹಿಡಿಯುವುದನ್ನು, ಚೀಲಕ್ಕೆ ಎಷ್ಟು ಉಳಿಯುತ್ತೆ ಅನ್ನುವುದನ್ನು ನೋಡುತ್ತಾ. ಮೊದಲ ಮಿರ್ಚಿ ಮಂಡಕ್ಕಿ ಗಾಡಿ ಆರು ತಿಂಗಳಲ್ಲಿ ನಿಂತಿತು. ಎರಡನೆಯದು ನಮ್ಮಿಬ್ಬರನ್ನೂ ಓದಿಸಿತು. ಆ ಮೊದಲನೆಯದರ ಬಗ್ಗೆ ಅಪ್ಪನನ್ನು ನಾನು ಯಾವತ್ತೂ ಕೇಳಲೇ ಇಲ್ಲ. ಈಗ ಕೇಳಬೇಕು ಅನಿಸುತ್ತೆ, ಅಪ್ಪ ಇಲ್ಲ.

ಗಿರಾಕಿಗಳಿಗೆ ಅಪ್ಪ ಹೇಳುತ್ತಿದ್ದ ಬೆಣ್ಣೆ ದೋಸೆ ಕಥೆ ನೆನಪಿದೆಯಾ? 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ, ವಸಂತ ಟಾಕೀಸ್ ಹತ್ತಿರ ಮೊದಲು ಹಾಕಿದ್ದು ರಾಗಿ ದೋಸೆ. ಹತ್ತು ವರ್ಷ ಆದಮೇಲೆ, 1938ರಲ್ಲಿ, ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದರು. "ಒಲೆ ಅದೇ, ಹಿಟ್ಟು ಬ್ಯಾರೆ" ಅಂತ ಅಪ್ಪ ಮಿರ್ಚಿ ತಿರುವುತ್ತಾ ಹೇಳುತ್ತಿದ್ದ. ಆಗ ಅದು ಸುಮ್ನೆ ಗಾಡಿ ಮುಂದಿನ ಮಾತು ಅನಿಸಿತ್ತು.

ಅಕ್ಕ, ಮಂಡಕ್ಕಿ ಇಲ್ಲೂ ಸಿಗುತ್ತೆ. ನಮ್ಮ ದೇಶದವರದ್ದು, ಬಾಂಗ್ಲಾದವರದ್ದು, ಯಾವ ಅಂಗಡಿಗೆ ಹೋದರೂ ಚೀಲಗಟ್ಟಲೆ ಇರುತ್ತೆ. ಗರಿಗರಿಯಾಗಿಯೂ ಇರುತ್ತೆ. ಸಿಗದೇ ಇರುವುದು ನಿನ್ನ ಪುಡಿ. ಪುಡಿ ತೂಕದ ಮಾಲು, ಸಣ್ಣ ಪೆಟ್ಟಿಗೆಯಲ್ಲೇ ಹಿಡಿಯುತ್ತೆ, ಗಾಳಿಗೆ ಬಾಡಿಗೆ ಕಟ್ಟಬೇಕಾಗಿಲ್ಲ. ಈ ಸಲ ನಲವತ್ತು ಪೆಟ್ಟಿಗೆ ತರಿಸುವುದಿಲ್ಲ. ಎರಡು ಕಿಲೊ ಸಾಕು. ಮಾರಲಿಕ್ಕಲ್ಲ, ರೂಮಿನವರು, ಗೋದಾಮಿನವರು ತಿಂದು ಹೇಳಲಿ ಅಂತ. ಕೆಲಸವನ್ನೂ ಬಿಡುವುದಿಲ್ಲ. ಭಾನುವಾರ ಒಂದು ದಿನ ಇದಕ್ಕೆ. ಈಗೀಗ ಭಾನುವಾರ ಬೆಳಿಗ್ಗೆ ತಾನಾಗೇ ಎಚ್ಚರ ಆಗುತ್ತೆ. ಎಷ್ಟೋ ತಿಂಗಳಿಂದ ಹಾಗಾಗಿರಲಿಲ್ಲ.

ವ್ಯಾಪಾರಕ್ಕೆ ಅಂತ ಅಡವಿಟ್ಟ ಅವ್ವನ ಬೋರಮಾಳ ಸರ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಫೆಬ್ರವರಿಯಲ್ಲಿ ಬಡ್ಡಿ ಕಟ್ಟಿ ರಿನ್ಯೂ ಮಾಡಿಸಬೇಕು, ಆ ದುಡ್ಡು ಬೇರೆ ಎತ್ತಿಟ್ಟಿದ್ದೇನೆ. ಅಸಲು ತೀರಲು, ಈಗಿನ ಸಂಬಳದಲ್ಲಿ, ಇನ್ನೂ ಎರಡು ವರ್ಷ ಬೇಕು. ಅವ್ವನಿಗೆ ಇದನ್ನೂ ಹೇಳು. ಭಾವನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಅವರು ಕೊಟ್ಟ ಎಂಬತ್ತು ಸಾವಿರದ ಮಾತು ನಿನ್ನ ಬಾಯಿಂದ ಬರುವುದು ಸರಿಯಲ್ಲ.

ಹರಿಹರದ ಹುಡುಗ ಡಿಸೆಂಬರ್ 15ಕ್ಕೆ ವಾಪಸ್ ಹೊರಡುತ್ತಾನೆ. ಅಷ್ಟರೊಳಗೆ ಮೂರು ಥರ ಪುಡಿ ಮಾಡಿ ಕೊಡು. ಒಂದು, ನೀನು ಯಾವಾಗಲೂ ಮಾಡುವಂಥದ್ದು. ಇನ್ನೊಂದಕ್ಕೆ ಖಾರ ಕಡಿಮೆ, ಪುಟಾಣಿ ಜಾಸ್ತಿ. ಮತ್ತೊಂದಕ್ಕೆ ಬೆಳ್ಳುಳ್ಳಿ ಜಾಸ್ತಿ. ಬೆಳ್ಳುಳ್ಳಿಯನ್ನು ತೇವ ಪೂರ್ತಿ ಹೋಗುವವರೆಗೆ ಹುರಿ, ಕರಿಬೇವು ಕೈಲಿ ಹಿಂಡಿದರೆ ಪುಡಿಯಾಗಬೇಕು. ಪೊಟ್ಟಣದ ಮೇಲೆ 1, 2, 3 ಅಂತ ಮಾತ್ರ ಬರಿ. ಯಾವ ನಂಬರ್ ಯಾವುದು ಅಂತ ನನಗೂ ಹೇಳಬೇಡ. ಇಲ್ಲಿಯವರು ತಿಂದು ಮುಗಿಸಿದ ಮೇಲೆ ನಾನೇ ಫೋನ್ ಮಾಡಿ ಕೇಳುತ್ತೇನೆ.

ನಿನ್ನ ತಮ್ಮ